ಉಸೂಲಿನ ಮನುಷ್ಯ

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮೊದಲು ಮೂಗಿಗೆ ಬಡಿದದ್ದು ಹಸಿ ಸುಣ್ಣದ ವಾಸನೆ. ಎದುರಿನ ಉದ್ದನೆಯ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಒಂದು ತುದಿ ಆಗಲೇ ಒಣಗಿತ್ತು. ಅಲ್ಲಿ ಏಣಿ ಹತ್ತಿ ನಿಂತಿದ್ದ ಪೇಂಟರ್ ಒಬ್ಬ ನೀಲಿ ಬಣ್ಣದಲ್ಲಿ ‘ಹಿರಿಯರ ಹಾದಿ ಬಿಡದ ಮನೆತನ’ ಎಂದು ಬರೆದು, ಕೆಳಗೆ ಹೆಸರಿಗೆ ಜಾಗ ಬಿಟ್ಟು, ಬೀಡಿ ಹಚ್ಚಿಕೊಂಡಿದ್ದ. ಹೆಸರು ಬರೆಯುವವರೆಗೆ ನಾನು ಕಾಯಬೇಕಾಗಿರಲಿಲ್ಲ. ವಕೀಲ ಚನ್ನಮಲ್ಲಪ್ಪನವರ ಮಗ ಈ ಸಲದ ಚುನಾವಣೆಗೆ ನಿಂತಿದ್ದಾನೆಂದು ಬೀದರಿನಲ್ಲೇ ಕೇಳಿದ್ದೆ.

ಮುಡಬಿಯಲ್ಲಿರುವ ಅಕ್ಕನನ್ನು ನೋಡಲು ಹೊರಟಿದ್ದೆ. ಕಲ್ಯಾಣದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ರಾಜೇಶ್ವರ ದಾಟಿದರೂ ಆ ವಾಸನೆ ಹೋಗಲಿಲ್ಲ. ಅರವತ್ತೇಳರ ಚುನಾವಣೆಯ ಚಳಿಗಾಲದಲ್ಲಿ ನಮ್ಮ ಬಸವಕಲ್ಯಾಣದ ಗಲ್ಲಿಗಳೆಲ್ಲ ಹೀಗೆಯೇ ಸುಣ್ಣ ನಾರುತ್ತಿದ್ದವು. ಆ ಗೋಡೆಗಳ ಮೇಲೆ ಇದೇ ಮನೆತನದ ಹೆಸರಿತ್ತು.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪನದು ಕೋಟೆಗೆ ಹೋಗುವ ದಾರಿಯಲ್ಲಿ ಬೇಳೆಕಾಳಿನ ಅಂಗಡಿ, ಅದರ ಹಿಂದೆಯೇ ಮನೆ. ಹೊಸ ತೊಗರಿ ಬರುವ ದಿನಗಳು. ಹಗಲೆಲ್ಲ ಚೀಲ ಇಳಿಸುವವರ ಗದ್ದಲ, ಮನೆಯ ಒಳಗೂ ತೊಗರಿ ಹೊಟ್ಟಿನ ಧೂಳು. ಸಂಜೆ ತಕ್ಕಡಿ ಎತ್ತಿಟ್ಟ ಮೇಲೆ ಅಂಗಡಿಯ ಕಟ್ಟೆ ಬೇರೆಯೇ ಆಗುತ್ತಿತ್ತು. ಶಾಲು ಹೊದ್ದು ಗನಿಸಾಬರು ಬರುತ್ತಿದ್ದರು. ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು, ಅಪ್ಪನ ಹಳೆಯ ಗೆಳೆಯ. ಅವರು ಬಂದರೆಂದರೆ ವಾದ ಶುರು. ಚಹಾ ಕೊಡುವ ನೆಪದಲ್ಲಿ ನಾನು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ಒಳಗೆ ಹೋಗು ಎಂದು ಇಬ್ಬರೂ ಒಂದು ದಿನವೂ ಹೇಳಲಿಲ್ಲ.

ಆ ವರ್ಷ ವಾದಕ್ಕಿದ್ದದ್ದು ಒಂದೇ ವಿಷಯ: ವಕೀಲ ಚನ್ನಮಲ್ಲಪ್ಪ ಖರೆ ಮನುಷ್ಯನೋ ಅಲ್ಲವೋ.

ಹುಮನಾಬಾದಿನ ದೊಡ್ಡ ಜಮೀನುದಾರರ ಮನೆಯವರು ಅವರು. ಆಳುವ ಪಕ್ಷದ ಎದುರಿಗೆ ನಿಂತಿದ್ದರು. ಬಿಳಿ ಧೋತರ, ಹಣೆತುಂಬ ವಿಭೂತಿ, ಪೂಜೆಯಾಗದೆ ಬಾಯಿಗೆ ನೀರೂ ಹಾಕದ ನೇಮ. ಸಭೆಗಳಲ್ಲಿ ಅವರು ಹೇಳುತ್ತಿದ್ದ ಮಾತು ಊರಿಗೆಲ್ಲ ಬಾಯಿಪಾಠವಾಗಿತ್ತು: “ಹೊಲ ನಿಮ್ಮದು, ಮನಿ ನಿಮ್ಮದು, ಧರ್ಮ ನಿಮ್ಮದು. ಸರ್ಕಾರ ಹೊಸ್ತಿಲದ ಹೊರಗ ನಿಂದರಬೇಕು. ಹಿರೇರು ಹಾಕಿಕೊಟ್ಟ ಹಾದಿ ಬಿಟ್ಟವ್ರು ಉದ್ಧಾರ ಆಗಂಗಿಲ್ಲ.” ಆಮೇಲೆ ಸರಾಯಿಯ ವಿಷಯ ಬರುತ್ತಿತ್ತು. ಶರಣರು ನಡೆದಾಡಿದ ನೆಲದಲ್ಲಿ ಸರ್ಕಾರವೇ ಸರಾಯಿ ಅಂಗಡಿಗಳನ್ನು ಹರಾಜು ಹಾಕುತ್ತದೆ, ಅಂಥ ಸರ್ಕಾರದ ಪಂಕ್ತಿಯಲ್ಲಿ ತಾನು ಎಂದೂ ಕೂಡುವುದಿಲ್ಲ ಎನ್ನುವಾಗ ಅವರ ದನಿ ನಡುಗುತ್ತಿತ್ತು.

ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಓದಿದ ಅಪ್ಪನ ಬಾಯಲ್ಲಿ ‘ತತ್ವ’ ಎಂಬ ಮಾತು ಬರುತ್ತಿರಲಿಲ್ಲ, ‘ಉಸೂಲು’ ಎನ್ನುತ್ತಿದ್ದ.

“ಚನ್ನಮಲ್ಲಪ್ಪ ಉಸೂಲಿನ ಮನುಷ್ಯ ನೋಡ್ರಿ. ಹಿಂಥಾವ್ರು ಇನ್ನ ಮುಂದ ಹುಟ್ಟಂಗಿಲ್ಲ.”

“ಭಾಷಣ ಛಲೋ ಅದ ಶರಣಪ್ಪ,” ಎಂದರು ಗನಿಸಾಬರು. “ಒಂದ್ ಮಾತು ಹೇಳು. ಇಲ್ಲೀ ತನಕಾ ಈ ಉಸೂಲಿನಿಂದ ಅವರಿಗೆ ಏನಾರ ನುಕ್ಸಾನ್ ಆಗ್ಯಾದೇನು?”

“ಅಂದ್ರ?”

“ಹೊಲಕ್ಕ ಸರ್ಕಾರ ಕೈ ಹಾಕಬಾರ್ದು ಅಂತಾರ. ಅವರಷ್ಟು ಹೊಲ ನನಗಿದ್ದಿದ್ರ ನಾನೂ ಹಂಗೇ ಅಂತಿದ್ದೆ. ಸರಾಯಿ ಬ್ಯಾಡ ಅಂತಾರ. ಅವರೇನು ಕುಡಿಯೋರಲ್ಲ. ಬಿಡೋದೇನದ ಅದರಾಗ? ಹಿರೇರ ಹಾದಿ ಅಂತಾರ, ಮಗನ್ನ ಹೈದರಾಬಾದಿನ ಇಂಗ್ಲಿಷ್ ಶಾಲಿಗೆ ಹಾಕ್ಯಾರ. ಹೋದ ತಿಂಗಳ ಮಂತ್ರಿ ಬಂದಾಗ ಯಾರ ಮನ್ಯಾಗ ಉಂಡ? ಇವರ ಮನ್ಯಾಗೇ.”

“ಮನಿಗೆ ಬಂದವ್ರಿಗೆ ಉಣಸಬಾರ್ದೇನ್ರಿ? ಅದೂ ಹಿರೇರ ಹಾದೀನೇ.”

“ಉಣಸ್ಲಿ. ಕಷ್ಟ ಬಂದಾಗ ನೋಡೂಣು ಅಂತೀನಿ ನಾ.”

ಅಪ್ಪನಿಗೆ ಸಿಟ್ಟು ಬಂದದ್ದು ಆ ಮಾತಿಗೆ. “ಕಷ್ಟ ಬಂದಾಗ ನೋಡೇ ನಾ ಮಾತಾಡಾಕತ್ತೇನಿ!”

ಅಪ್ಪ ಹೇಳುತ್ತಿದ್ದದ್ದು ರಜಾಕಾರರ ಕಾಲದ ಮಾತು. ಗೋರ್ಟಾ ಹಳ್ಳಿಯಲ್ಲಿ ರಜಾಕಾರರು ಜನರನ್ನು ಕೊಂದ ಸುದ್ದಿ ಬಂದ ದಿನ, ಆಗ ಕಲ್ಯಾಣದ ಕೋರ್ಟಿನಲ್ಲಿ ಎಳೆಯ ವಕೀಲರಾಗಿದ್ದ ಚನ್ನಮಲ್ಲಪ್ಪ ತಮ್ಮ ಮನೆಯ ಎತ್ತಿನ ಗಾಡಿಯಲ್ಲಿ ನಮ್ಮನ್ನೆಲ್ಲ ಮಲಗಿಸಿ, ಮೇಲೆ ಜೋಳದ ಕಣಿಕಿ ಹೇರಿ, ತಾವೇ ಗಾಡಿ ಹೊಡೆದುಕೊಂಡು ನಿಜಾಮನ ಗಡಿಯಾಚೆ ಸೊಲ್ಲಾಪುರದ ಸೀಮೆಗೆ ದಾಟಿಸಿದ್ದರು. ನಾನು ಅವ್ವನ ತೊಡೆಯ ಮೇಲಿನ ಕೂಸು. ಅಕ್ಕ ನೀಲಮ್ಮನಿಗೆ ಎಲ್ಲ ನೆನಪಿತ್ತು. ಕೆಮ್ಮು ಬರದಂತೆ ಅಪ್ಪ ಅವಳ ಬಾಯಿಗೆ ಕೈ ಒತ್ತಿ ಹಿಡಿದದ್ದು, ದಾರಿಯಲ್ಲಿ ಯಾರೋ ಗಾಡಿ ತಡೆದು ಕೇಳಿದಾಗ ವಕೀಲರು ನಗುನಗುತ್ತಾ ಉರ್ದುವಿನಲ್ಲಿ ಉತ್ತರ ಕೊಟ್ಟದ್ದು.

ಗನಿಸಾಬರು ಚಹಾದ ಬಟ್ಟಲು ಕೆಳಗಿಟ್ಟರು. “ಪೊಲೀಸ್ ಆಕ್ಷನ್ ಆದ ಮ್ಯಾಲ ನಮ್ಮ ಗಲ್ಲಿಗೆ ಮಂದಿ ನುಗ್ಗಿ ಬಂದಾಗ, ಗಲ್ಲಿ ಬಾಯಾಗ ಕರೀಕೋಟು ಹಾಕ್ಕೊಂಡು ನಿಂತವ್ರೂ ಅವರೇ. ನನ್ನ ತಮ್ಮ ಇವತ್ತ ಜೀವಂತ ಇದ್ದಾನಂದ್ರ ಅವರ ಸಲುವಾಗಿ. ನಾ ಮರ್ತಿಲ್ಲ ಶರಣಪ್ಪ. ಧೈರ್ಯ ಅದ ಅವರಿಗೆ. ಉಸೂಲು ಬ್ಯಾರೆ, ಧೈರ್ಯ ಬ್ಯಾರೆ. ಅಷ್ಟೇ ನಾ ಹೇಳೋದು.”

ನೀಲಕ್ಕನನ್ನು ಮುಡಬಿಗೆ ಕೊಟ್ಟಿತ್ತು. ಅವಳ ಗಂಡ ಸರಾಯಿಗೆ ಬಿದ್ದು, ಕಾಲು ಊದಿ, ಕಣ್ಣು ಹಳದಿಯಾಗಿ ಸತ್ತು ಎರಡು ಸುಗ್ಗಿ ಕಳೆದಿದ್ದವು. ತವರಿಗೆ ಬಾ ಎಂದು ಅಪ್ಪ ಕರೆದರೂ ಬರಲಿಲ್ಲ. ಆಳು ಹಿಡಿದು ತಾನೇ ಹೊಲ ಮಾಡಿಸುತ್ತಿದ್ದಳು. ಮುಡಬಿಯ ಸರಾಯಿ ಅಂಗಡಿ ಇದ್ದದ್ದು ಊರ ಬಾಯಲ್ಲಿ, ಸೇದುವ ಬಾವಿಗೆ ಹೋಗುವ ದಾರಿಯಲ್ಲಿ. ಕೊಡ ಹೊತ್ತ ಹೆಂಗಸರು ಕುಡಿದವರ ಮಾತು ಕೇಳಿಕೊಂಡೇ ಓಡಾಡಬೇಕು. ಗಂಡನನ್ನು ಎಷ್ಟೋ ಸಲ ಆ ಅಂಗಡಿಯ ಮುಂದಿನಿಂದ ಎತ್ತಿಕೊಂಡು ಬಂದವಳು ಅವಳು. ಈಗಲೂ ದಿನಾ ಅದರ ಮುಂದೆಯೇ ಹಾಯಬೇಕಾಗಿತ್ತು.

ಸಂಕ್ರಾಂತಿ ಮುಗಿದ ಮೇಲೆ ವಕೀಲರು ಮತ ಕೇಳಲು ನಮ್ಮ ಅಂಗಡಿಗೆ ಬಂದರು. ನೀಲಕ್ಕ ಅಂದು ತೊಗರಿ ತಂದಿದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗಂಡಸರ ನಡುವೆಯೇ ಬಂದು ನಿಂತಳು.

“ಸಾಹೇಬ್ರ, ನಮ್ಮೂರಿನ ಸರಾಯಿ ಅಂಗಡಿ ತೆಗಿಸ್ತೀರೇನ್ರಿ?”

ವಕೀಲರು ಎದ್ದು ನಿಂತರು. ಅಂಗಿಯ ಗುಂಡಿ ಬಿಚ್ಚಿ, ಕೊರಳಲ್ಲಿದ್ದ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದರು. “ನೀಲವ್ವಾ, ಲಿಂಗ ಮುಟ್ಟಿ ಹೇಳ್ತೀನಿ. ಆರಿಸಿ ಬರ್ತೀನೋ ಬಿಡ್ತೀನೋ, ಆ ಅಂಗಡಿ ತೆಗಿಸ್ತೀನಿ.”

ಅಷ್ಟು ಹೇಳಿ ಬಿಟ್ಟಿದ್ದರೆ ಗನಿಸಾಬರು ನಗುತ್ತಿದ್ದರೇನೋ. ಅದೇ ವಾರ ವಕೀಲರು ಮುಡಬಿಗೆ ಹೋದರು. ನೀಲಕ್ಕ ಮನೆಮನೆಯಿಂದ ಹೆಂಗಸರನ್ನು ಎಬ್ಬಿಸಿಕೊಂಡು ಬಂದಿದ್ದಳು. ಸರಾಯಿ ಅಂಗಡಿಯ ಮುಂದೆ, ಆ ಕೊಳಕು ಮಣ್ಣಿನಲ್ಲಿ, ಬಿಳಿ ಧೋತರದಲ್ಲೇ ವಕೀಲರು ಕೂತರು. ಹಿಂದೆ ಹೆಂಗಸರು ಕೂತರು. ಹಾಡುತ್ತಾ ಕೂತವರನ್ನು ದಾಟಿ ಒಳಗೆ ಹೋಗುವ ಧೈರ್ಯ ಯಾವ ಗಂಡಸಿಗೂ ಬರಲಿಲ್ಲ. ಮರುದಿನವೂ ಹಾಗೆಯೇ ಕೂತರು, ಅದರ ಮರುದಿನವೂ. ಅಂಗಡಿ ಹಿಡಿದಿದ್ದವನು ಗುಲಬರ್ಗಾ ಕಡೆಯ ಗುತ್ತಿಗೆದಾರ. ಮೊದಲು ಬೈದಾಡಿದ, ಕೈಮುಗಿದ, ಕೊನೆಗೆ ಪೀಪಾಯಿಗಳನ್ನು ಗಾಡಿಗೆ ಹೇರಿಕೊಂಡು ಹೋದ. ಹೆಂಗಸರು ಆ ಬಾಗಿಲಿಗೆ ಸಗಣಿ ಸಾರಿಸಿ ರಂಗೋಲಿ ಹಾಕಿದರು.

ಅಂದು ಸಂಜೆ ಅಪ್ಪ ಕಟ್ಟೆಯ ಮೇಲೆ ಕೂರಲೇ ಇಲ್ಲ, ನಿಂತೇ ಇದ್ದ. “ಏನಂತೀರಿ ಮಾಸ್ತರ? ಈಗ ಹೇಳ್ರಿ.”

ಗನಿಸಾಬರು ಕನ್ನಡಕ ತೆಗೆದು ಶಾಲಿನ ಚುಂಗಿನಿಂದ ಒರೆಸಿದರು. “ನಾ ಸೋತೆ ಶರಣಪ್ಪ. ಮಣ್ಣಾಗ ಕುಂತ ಮನುಷ್ಯಾಗ ಇನ್ನೇನ ಅನ್ಲಿ. ನನ್ನ ಓಟೂ ಅವರಿಗೇ.”

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಹೊಲಗಳಲ್ಲಿ ಬಿಳಿಜೋಳ ಹಾಲುಗಟ್ಟಿತ್ತು, ಎಲ್ಲೆಲ್ಲೂ ಎಳೆ ತೆನೆ ಸುಡುವ ಸೀತನಿಯ ಹೊಗೆ. ವಕೀಲರ ಜೀಪಿನಲ್ಲಿ ನಾನೂ ನೀಲಕ್ಕನೂ ಹಳ್ಳಿ ಹಳ್ಳಿ ತಿರುಗಿದೆವು. ಗಂಡ ಸತ್ತವಳು ಜೀಪಿನಲ್ಲಿ ತಿರುಗುತ್ತಾಳೆಂದು ಆಡಿಕೊಂಡವರಿದ್ದರು. ರಾಜೇಶ್ವರದ ಸಭೆಯಲ್ಲಿ ಅವಳ ಕೈಗೆ ಮೈಕು ಕೊಟ್ಟರು. ಅವಳು ಮೈಕಿನ ಕಡೆ ನೋಡಲೂ ಇಲ್ಲ, ಮುಂದೆ ಕೂತಿದ್ದ ಹೆಂಗಸರನ್ನು ನೋಡಿ, ಮನೆಯಲ್ಲಿ ಮಾತಾಡಿದ ಹಾಗೆ ಹೇಳಿದಳು: “ನನ್ನ ಗಂಡ ಕೆಟ್ಟವ ಇದ್ದಿಲ್ರೆವ್ವಾ. ನಿಮ್ಮ ಗಂಡಂದಿರೂ ಕೆಟ್ಟವ್ರಲ್ಲ. ಅಂಗಡಿ ಮುಂದಿತ್ತು, ಹೋದ. ಇವರು ಅಂಗಡಿ ತೆಗಿಸ್ಯಾರ. ನಾ ನೋಡೀನಿ. ನನ್ನ ಮಾತಿನ ಮ್ಯಾಲ ಹಾಕ್ರಿ.” ಕುಡಿಯುವ ಗಂಡಸರೇ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಮುಡಬಿಯಲ್ಲಂತೂ ಒಂದು ಮನೆಯನ್ನೂ ಬಿಡದೆ, ಉಡಿಯೊಡ್ಡಿ ಓಟು ಕೇಳಿದಳು.

ವಕೀಲರು ಗೆದ್ದರು. ಗುಲಾಲಿನಿಂದ ಕೆಂಪಾದ ಜೀಪು ನಮ್ಮ ಅಂಗಡಿಯ ಮುಂದೆ ನಿಂತಾಗ ಅವರು ಇಳಿದು ಬಂದು ಎಲ್ಲರ ಮುಂದೆ ನೀಲಕ್ಕನ ತಲೆಯ ಮೇಲೆ ಕೈಯಿಟ್ಟು, “ಇದು ಈ ಮಗಳ ಗೆಲುವು” ಎಂದರು. ಅಪ್ಪನ ಕಣ್ಣಲ್ಲಿ ನೀರು. ಗನಿಸಾಬರು ಊರಿಗೆಲ್ಲ ಪೇಢೆ ಹಂಚಿದರು.

ಬೇಸಿಗೆ ಬಂತು. ಒಂದು ದಿನ ಬಸ್ಸಿನಲ್ಲಿ ಬಂದ ಪೇಪರು ತೆರೆದ ಗನಿಸಾಬರು ಅದನ್ನು ಅಪ್ಪನ ಮುಂದೆ ಇಟ್ಟರು. ಆಳುವ ಪಕ್ಷಕ್ಕೆ ಸೇರಿದ ಶಾಸಕರ ಹೆಸರುಗಳಲ್ಲಿ ಚನ್ನಮಲ್ಲಪ್ಪನವರದೂ ಇತ್ತು. ಅಪ್ಪ ಓದಿ, ಮತ್ತೊಮ್ಮೆ ಓದಿ, “ಬ್ಯಾರೆ ಯಾರೋ ಚನ್ನಮಲ್ಲಪ್ಪ ಇರಬೇಕು” ಎಂದ. ಗನಿಸಾಬರು ಇಲ್ಲ ಎನ್ನಲಿಲ್ಲ. ವಾರ ಕಳೆಯುವುದರೊಳಗೆ ವಕೀಲರಿಗೆ ಯಾವುದೋ ಮಂಡಳಿಯ ಅಧ್ಯಕ್ಷಗಿರಿ ಬಂತು. ಸರ್ಕಾರದ ಕಾರು ಬಂತು.

ಅಪ್ಪ ಆಗಲೂ ಬಿಟ್ಟುಕೊಡಲಿಲ್ಲ. “ಒಳಗ ಹೋಗ್ಯಾರ, ಒಳಗಿದ್ದೇ ಸರಿ ಮಾಡ್ತಾರ. ಪಕ್ಷ ಅಂದ್ರ ಅಂಗಿ ಇದ್ದಂಗ. ಮನುಷ್ಯ ಅದೇ ಅಲ್ಲೇನ್ರಿ?” ಈ ಸಲ ಎದುರು ವಾದವೇ ಬರಲಿಲ್ಲ. ಗನಿಸಾಬರು ಚಹಾ ಕುಡಿದು ಬೇಗ ಎದ್ದು ಹೋಗತೊಡಗಿದರು. ವಾದ ಮಾಡುವವರಿಲ್ಲದೆ ಅಪ್ಪ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳಬೇಕಾಯಿತು. ಅದು ಅವನಿಗೆ ಹೆಚ್ಚು ಕಷ್ಟವಾಯಿತೆಂದು ನನಗನ್ನಿಸುತ್ತದೆ.

ಮಳೆಗಾಲ ಶುರುವಾಗಿ ಹೆಸರು, ಉದ್ದು ಬಿತ್ತಿ ಮುಗಿದಿತ್ತು. ಒಂದು ಬೆಳಿಗ್ಗೆ ನೀಲಕ್ಕ ತೊಯ್ದ ಸೀರೆಯಲ್ಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುಡಬಿಯಲ್ಲಿ ಮತ್ತೆ ಸರಾಯಿ ಅಂಗಡಿ ತೆರೆದಿತ್ತು. ಅದೇ ಜಾಗದಲ್ಲಿ, ಹೊಸ ತಗಡಿನ ಶೆಡ್ಡಿನಲ್ಲಿ. ಹಳೆಯ ಗುತ್ತಿಗೆದಾರ ಹೆಂಗಸರ ಗಲಾಟೆಗೆ ಹೆದರಿ ಈ ವರ್ಷದ ಹರಾಜಿಗೆ ಬಂದಿರಲಿಲ್ಲ. ಸುತ್ತಲಿನ ಅಂಗಡಿಗಳನ್ನೆಲ್ಲ ಎದುರಾಳಿಯೇ ಇಲ್ಲದೆ ಹಿಡಿದವನು ವಕೀಲರ ಹೆಂಡತಿಯ ತಮ್ಮ.

“ಅಪ್ಪಾ, ಅಂವಗ ಜಾಗಾ ಮಾಡಿಕೊಡಾಕ ನಾವು ಕುಂತಿದ್ವಿ ಏನು?” ಎಂದಳು ನೀಲಕ್ಕ.

ಅಪ್ಪ ತಕ್ಕಡಿ ಬಿಟ್ಟು ಎದ್ದ. ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದ. ನಾವು ಮೂವರೂ ಹುಮನಾಬಾದಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ.

ವಕೀಲರ ಪಡಸಾಲೆಯಲ್ಲಿ ಅರ್ಜಿ ಹಿಡಿದ ಜನ ತುಂಬಿದ್ದರು. ನಮ್ಮನ್ನು ಕಂಡಕೂಡಲೇ ಎದ್ದು ಬಂದು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಹೆಂಡತಿಯನ್ನು ಕೂಗಿ, “ಶರಣಪ್ಪ ಬಂದಾನ, ಮಕ್ಕಳು ತೊಯ್ಸಿಕೊಂಡು ಬಂದಾವ, ಮೊದಲ ಊಟಕ್ಕ ಬಡಿಸು” ಎಂದರು. ಆ ದನಿಯಲ್ಲಿ ನಾಟಕವಿರಲಿಲ್ಲ. ಅಂದೂ ನನಗೆ ಅದು ನಾಟಕ ಅನ್ನಿಸಲಿಲ್ಲ. ಹಣೆಯ ಮೇಲೆ ಅದೇ ವಿಭೂತಿ. ನೀಲಕ್ಕ ಕೂರಲಿಲ್ಲ.

“ಊಟ ಬ್ಯಾಡ್ರಿ. ಲಿಂಗ ಮುಟ್ಟಿ ಹೇಳಿದ್ರಿ. ಅಂಗಡಿ ಮತ್ತ ಬಂದದ.”

ವಕೀಲರು ನಿಟ್ಟುಸಿರು ಬಿಟ್ಟರು. “ನಾ ಮಾತು ತಪ್ಪಿಲ್ಲ ನೀಲವ್ವಾ. ಆ ಅಂಗಡಿ ತೆಗಿಸ್ತೀನಿ ಅಂದಿದ್ದೆ, ತೆಗಿಸಿದೆ. ಇದು ಸರ್ಕಾರದ ಹೊಸಾ ಹರಾಜು. ಇಂವ ಹಿಡೀಲಿಲ್ಲಂದ್ರ ಮತ್ತೊಬ್ಬ ಹಿಡೀತಾನ. ನಮ್ಮವ ಇದ್ರ ಹದ್ದುಬಸ್ತಿನ್ಯಾಗ ಇಡಬಹುದು.”

ನೀಲಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಕೋರ್ಟಿನಲ್ಲಿ ಹೇಳುವಂಥ ಮಾತನ್ನು ತನಗೆ ಹೇಳುತ್ತಿದ್ದಾರೆಂಬುದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಮತ್ತ ಆ ಸರ್ಕಾರದ ಪಂಕ್ತಿಯೊಳಗ ಕೂಡಂಗಿಲ್ಲ ಅಂದಿದ್ರಲ್ರಿ?”

“ತಿಳಕೋ ತಂಗಿ. ಭೂಮಿ ಕಾನೂನು ಬರಾಕತ್ತದ. ಉಳೋನಿಗೇ ಹೊಲ ಅಂತಾರ. ಹಿರೇರು ಉಳಿಸಿಕೊಂಡು ಬಂದದ್ದೆಲ್ಲ ಹೋಗ್ತದ. ಹೊರಗ ನಿಂತು ಒದರಿದ್ರ ಯಾರು ಕೇಳ್ತಾರ? ಒಳಗಿದ್ರ ತಡೀಬಹುದು. ದೊಡ್ಡದನ್ನ ಕಾಯಬೇಕಂದ್ರ ಸಣ್ಣದು ಬಿಡಬೇಕಾಗ್ತದ.”

“ನನ್ನ ಗಂಡ ಸಣ್ಣವನೇನ್ರಿ?” ಎಂದಳು ನೀಲಕ್ಕ.

ಅಷ್ಟು ಹೊತ್ತು ಬಾಗಿಲಲ್ಲೇ ನಿಂತಿದ್ದ ಅಪ್ಪ ಆಗ ಮಾತಾಡಿದ. “ವಕೀಲಸಾಬ್ರ, ಅವತ್ತ ನಮ್ಮನ್ನ ಗಾಡಿಯಾಗ ಹಾಕ್ಕೊಂಡು ದಾಟಿಸಿದ್ರಿ. ಜೀವಕ್ಕ ಅಂಜಲಿಲ್ಲ. ಈಗ್ಯಾಕ್ರಿ?”

ಆ ಪ್ರಶ್ನೆಗೆ ಅವರ ಮುಖ ಬದಲಾಯಿತು. “ಆವಾಗ ನಾ ಹುಡುಗ ಇದ್ದೆ ಶರಣಪ್ಪ” ಎಂದರು. ಬಾಗಿಲ ಹೊರಗಿನಿಂದ ಯಾರೋ ಕರೆದರು. ಅವರು ಹೊರಗೆ ಹೋದರು. ನಾವು ಊಟ ಮಾಡದೆ ಬಂದೆವು.

ನೀಲಕ್ಕ ಕಲ್ಯಾಣದಲ್ಲಿ ಇಳಿದು ನೆಟ್ಟಗೆ ಮುಡಬಿಗೆ ಹೋಗುತ್ತೇನೆಂದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ಓಟು ಕೇಳಿದ ಮನೆಗಳಿಗೆಲ್ಲ ಮತ್ತೆ ಹೊರಟಳು. ಪ್ರತಿ ಮನೆಯ ಹೊಸ್ತಿಲ ಮುಂದೆ ನಿಂತು ಹೇಳಿದ್ದು ಒಂದೇ ಮಾತು: “ನನ್ನ ಮಾತು ನಂಬಿ ಹಾಕಿದ್ರಿ. ನನ್ನ ಮಾತು ಸುಳ್ಳಾಯ್ತು. ತಪ್ಪಾಯ್ತವ್ವಾ.” ನಾನು ಕೈ ಹಿಡಿದು ಎಳೆದೆ, ತಪ್ಪು ನಿನ್ನದಲ್ಲ ಎಂದೆ. ಅವಳು ಕೇಳಲಿಲ್ಲ. ಕೆಲವರು ಒಳಗೆ ಕರೆದು ಕೂರಿಸಿದರು. ಒಬ್ಬಾಕೆ, “ನಿಮ್ಮಪ್ಪಗ ಏನು ಕೊಟ್ಟಾನ ವಕೀಲ?” ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಮಗ್ಗುಲ ಮನೆಯ ಮುದುಕಿಯೊಬ್ಬಳು ಮಾತ್ರ ಅಕ್ಕನ ಕೆನ್ನೆ ಸವರಿ, “ನಾವು ಹೆಂಗಸ್ರು ಕುಂತಾಗ ಅಂಗಡಿ ಮುಚ್ಚಿತ್ತು. ಅಂವ ಕುಂತ ಅಂತಲ್ಲ” ಎಂದಳು. ಹೆಂಗಸರು ಮತ್ತೆ ಅಂಗಡಿಯ ಮುಂದೆ ಹೋಗಿ ಕೂತರು. ಈ ಸಲ ಪೊಲೀಸರು ಬಂದರು. ನೀಲಕ್ಕನನ್ನು ಇನ್ನೂ ಕೆಲವರೊಂದಿಗೆ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಸಂಜೆ ಬಿಟ್ಟರು. ಅಂಗಡಿ ನಡೆಯಿತು.

ಮುಂದಿನ ಚುನಾವಣೆಯಲ್ಲಿ ವಕೀಲರು ಆಳುವ ಪಕ್ಷದಿಂದಲೇ ನಿಂತು ಗೆದ್ದರು. ಭೂಮಿ ಕಾನೂನೂ ಬಂತು. ಅದರ ಪರವಾಗಿ ಅವರು ಭಾಷಣ ಮಾಡಿದ್ದನ್ನು ಪೇಪರಿನಲ್ಲಿ ಓದಿದೆವು. ಅಷ್ಟರೊಳಗೆ ಅವರ ಹೊಲಗಳೆಲ್ಲ ನೆಂಟರಿಷ್ಟರ ಹೆಸರಿಗೆ ಹಂಚಿಹೋಗಿದ್ದವೆಂದು ಊರೆಲ್ಲ ಹೇಳುತ್ತಿತ್ತು. ಆ ನೆಲ ಇಂದೂ ಅವರ ಮನೆಯವರ ಕೈಯಲ್ಲೇ ಇದೆ. ಮದುವೆಯಾಗಿ ಬೀದರಿಗೆ ಬಂದ ಮೇಲೂ ತವರಿಗೆ ಹೋದಾಗ ಕಟ್ಟೆಯ ಕಡೆ ನೋಡುತ್ತಿದ್ದೆ. ಇಬ್ಬರು ಮುದುಕರೂ ಕೂತಿರುತ್ತಿದ್ದರು. ಮಳೆ, ಬೆಳೆ, ಮಂಡಿನೋವಿನ ಮಾತಾಡುತ್ತಿದ್ದರು. ಆ ಹೆಸರೊಂದನ್ನು ಬಿಟ್ಟು ಎಲ್ಲ ಮಾತೂ ಬರುತ್ತಿತ್ತು. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಗನಿಸಾಬರು ಒಮ್ಮೆಯೂ ಅನ್ನಲಿಲ್ಲ. ಅವರೂ ನಂಬಿ ಪೇಢೆ ಹಂಚಿದವರೇ.

ಎಪ್ಪತ್ತೆಂಟರ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂಡಿಸಿದ್ದರು. ಭಜನೆ ನಡೆದಿತ್ತು. ಮಧ್ಯಾಹ್ನ ಹೊರಗೆ ಕಾರು ನಿಂತ ಸದ್ದಾಯಿತು, ಜನ ದಾರಿ ಬಿಟ್ಟರು. ಚನ್ನಮಲ್ಲಪ್ಪನವರು ಬರಿಗಾಲಲ್ಲಿ ಒಳಗೆ ಬಂದು ಅಪ್ಪನ ಕಾಲ ಬುಡದಲ್ಲಿ ಕೂತರು. ಕೂದಲೆಲ್ಲ ಬೆಳ್ಳಗಾಗಿತ್ತು. ಅಪ್ಪನ ಪಾದದ ಮೇಲೆ ಹಣೆಯಿಟ್ಟು ಅತ್ತರು, ಬೆನ್ನು ಕುಲುಕುವ ಹಾಗೆ. ಅವರ ಜೊತೆ ಬಂದಿದ್ದ ಹಿಂಬಾಲಕರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಗನಿಸಾಬರು ನನ್ನ ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದರು. “ಶಾಂತಾ, ಆ ಅಳು ಖರೇದ ನೋಡು,” ಎಂದರು ಮೆಲ್ಲಗೆ. “ಇಂವ ಪೂರಾ ಸುಳ್ಳ ಮನುಷ್ಯ ಆಗಿದ್ರ ನಿಮ್ಮಪ್ಪ ಇಷ್ಟು ನೊಂದ್ಕೋತಿದ್ದಿಲ್ಲ.”

ವಕೀಲರು ಎದ್ದು ಕಣ್ಣೊರೆಸಿಕೊಂಡರು. ಹೊರಟವರು ಬಾಗಿಲಲ್ಲಿ ನಿಂತಿದ್ದ ನೀಲಕ್ಕನ ಮುಂದೆ ತಡೆದು ನಿಂತರು. ಅವಳ ತಲೆಯ ಮೇಲೆ ಕೈಯಿಡಲು ಹೋಗಿ ನಡುವೆಯೇ ಕೈ ಇಳಿಸಿದರು.

“ನೀಲವ್ವಾ, ಅಪ್ಪ ಹೋದ ಅನಬ್ಯಾಡ. ನಾ ಇದ್ದೀನಿ. ಏನ ಬೇಕಾದ್ರೂ ನನಗ ಕೇಳು.”

“ಒಮ್ಮೆ ಕೇಳಿದ್ದೆನಲ್ರಿ,” ಎಂದಳು ನೀಲಕ್ಕ. ಅವರು ಹೊರಗೆ ಹೋಗಲೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.